ನಮ್ಮನೆ ದಿನಪತ್ರಿಕೆ ಬೆಕ್ಕಿನ ಟ್ರೇಯಲ್ಲಿ ಬರುತ್ತದೆ

ಬೆಳಗ್ಗೆ ಎದ್ದ ಕೂಡಲೇ ನಮ್ಮನೆಯವರು ಮೊಬೈಲ್ ಮುಟ್ಟುವುದಿಲ್ಲ. ಸೀದಾ ಬೆಕ್ಕುಗಳು ಕಕ್ಕ, ಉಚ್ಚೆ ಮಾಡುವ ಮರಳಿನ ಟ್ರೇ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಕೈಯಲ್ಲಿ ತೂತಿನ ಸೌಟು, ಪಕ್ಕದಲ್ಲಿ ಹಳೇ ಡೈರಿ, ಕಿವಿ ಸಂದಿಯಲ್ಲಿ ಪೆನ್ನು. ಕರಕರ ಅಂತ ಮರಳು ಕೆದಕುವ ಸದ್ದು ಬಂತು ಅಂದರೆ ನಮ್ಮಲ್ಲಿ ಬೆಳಗಾಯಿತು ಅಂತ ಅರ್ಥ. "ಗುಂಡ ಎರಡು, ನಿಂಬೆಹಣ್ಣಿನಷ್ಟು. ಚುಕ್ಕಿ ಒಂದು. ಅಜ್ಜಿ ಮೂರು ಕಣೇ, ಮೂರೂ ದೊಡ್ಡವೇ," ಅಂತ ಅಲ್ಲಿಂದಲೇ ಕೂಗಿ ಹೇಳುತ್ತಾರೆ. ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿಸಿಕೊಳ್ಳುತ್ತೇನೆ. ಕೆಲವರ ಮನೆಯಲ್ಲಿ ಬೆಳಗ್ಗೆ ವಾರ್ತೆ ಹಾಕುತ್ತಾರಲ್ವಾ, ನಮ್ಮಲ್ಲಿ ಇದು.

ಮನೆ ಲೆಕ್ಕ ಹೇಳಿಬಿಡುತ್ತೇನೆ. ಮೂರು ಬೆಕ್ಕು, ಒಂದು ನಾಯಿ, ಒಂದು ಮೊಲ, ಮೂರು ಜನ ಮನುಷ್ಯರು. ಗುಂಡ ಕೆಂಚು ಬಣ್ಣದವನು, ಏಳು ವರ್ಷ, ಹೊಟ್ಟೆ ನೆಲಕ್ಕೆ ತಾಗಲು ಸ್ವಲ್ಪವೇ ಬಾಕಿ. ಚುಕ್ಕಿ ಮೂರು ಬಣ್ಣದ ಹೆಣ್ಣು. (ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಕೆಂಚು ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಕೆಂಚು ಕಪ್ಪು ಎರಡೂ ಒಂದೇ ಮೈಮೇಲೆ ಕಾಣಬೇಕಾದರೆ ಎರಡು ಎಕ್ಸ್ ಬೇಕು. ಇದನ್ನು ನನ್ನ ಮಗಳು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ, ಅವರು ಕೇಳದಿದ್ದರೂ.) ಅಜ್ಜಿಗೆ 15 ವರ್ಷ. ಅವಳಿಗೂ ಹಿಂದೆ ಒಂದು ಚಂದದ ಹೆಸರಿತ್ತು, ಈಗ ಆ ಹೆಸರಲ್ಲಿ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ನಾಯಿ ಹೆಸರಿಗೆ ಮಾತ್ರ ಭೀಮ, ಚುಕ್ಕಿ ಎದುರು ಬಂದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾನೆ. ಮೊಲದ ಹೆಸರು ಹತ್ತಿ.

ಉಚ್ಚೆ ಬಿದ್ದಲ್ಲಿ ಮರಳು ಉಂಡೆ ಕಟ್ಟುತ್ತದೆ, ಇವರು ಎಣಿಸುವುದು ಅದನ್ನೇ. ಯಾವ ಉಂಡೆ ಯಾರದ್ದು ಅಂತ ಹೇಗೆ ಗೊತ್ತಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಗೊತ್ತಾಗುತ್ತದೆ. ಗುಂಡ ಮುಚ್ಚುವುದೇ ಇಲ್ಲ, ಮರಳು ಬಿಟ್ಟು ಪಕ್ಕದ ಗೋಡೆಯನ್ನು ನಾಲ್ಕು ಸಲ ಪರಚಿ, ಕೆಲಸ ಮುಗಿಯಿತು ಅಂತ ಹೊರಟುಬಿಡುತ್ತಾನೆ. ಚುಕ್ಕಿ ತಳ ಕಾಣುವವರೆಗೆ ಗುಂಡಿ ತೋಡುತ್ತಾಳೆ, ಮುಚ್ಚಿ, ಮೂಸಿ, ಮತ್ತೆ ಮುಚ್ಚುತ್ತಾಳೆ. ಅಜ್ಜಿಗೆ ಮಂಡಿನೋವು, ಅಂಚು ಗಿಡ್ಡ ಇರುವ ಟ್ರೇಗೆ ಮಾತ್ರ ಹೋಗುತ್ತಾಳೆ. ಇನ್ನೊಂದು ವಿಷಯ, ಟ್ರೇ ತೊಳೆದು ಹೊಸ ಮರಳು ಹಾಕಿ ಸಮ ಮಾಡಿದ ಮರುಕ್ಷಣ ಚುಕ್ಕಿ ಎಲ್ಲಿದ್ದರೂ ಬಂದು ಉದ್ಘಾಟನೆ ಮಾಡುತ್ತಾಳೆ. ಅಲ್ಲಿಯವರೆಗೆ ತಡೆದುಕೊಂಡಿದ್ದಳೇನೋ ಅನ್ನಿಸುತ್ತದೆ.

ಈ ಡೈರಿ ಶುರುವಾಗಿದ್ದು ಎರಡು ವರ್ಷದ ಹಿಂದೆ, ನಮ್ಮದೇ ದಡ್ಡತನದಿಂದ. ಮನೆಗೆ ಬಣ್ಣ ಹೊಡೆಸುತ್ತಿದ್ದೆವು. ಸಾಮಾನೆಲ್ಲ ಜರುಗಿಸುವಾಗ, ಆಗ ಇದ್ದ ಒಂದೇ ಒಂದು ಟ್ರೇಯನ್ನು ವಾಷಿಂಗ್ ಮೆಷಿನ್ ಪಕ್ಕಕ್ಕೆ ಎತ್ತಿಟ್ಟೆವು. ಮೂಲೆ, ಯಾರ ಕಾಲಿಗೂ ಸಿಗಲ್ಲ, ಒಳ್ಳೇ ಜಾಗ ಅನ್ನಿಸಿತು. ನಮಗೆ ಅನ್ನಿಸಿತು, ಅಷ್ಟೇ. ಒಂದು ದಿನ ಗುಂಡ ಒಳಗೆ ಕೂತಿದ್ದಾಗಲೇ ಮೆಷಿನ್ ಗರಗರ ಅಂತ ಬಟ್ಟೆ ಹಿಂಡಲು ಶುರು ಮಾಡಿತು. ಮರಳು ಹಾರಿಸಿಕೊಂಡು ಓಡಿದವನು ಆಮೇಲೆ ಆ ಕಡೆ ಹೋಗಲು ಹೆದರುತ್ತಿದ್ದ, ತಡೆದುಕೊಂಡು ತಡೆದುಕೊಂಡು ಓಡಾಡುತ್ತಿದ್ದ ಅಂತ ಹಿಂದಿನದೆಲ್ಲ ನೆನಪಿಸಿಕೊಂಡಾಗ ಗೊತ್ತಾಯಿತು. ಆಗ ಯಾರು ನೋಡಿದರು? ಬಣ್ಣದವರ ಗಲಾಟೆಯಲ್ಲಿ ನಾವೇ ಊಟ ಮಾಡಿದ್ದು ನೆನಪಿಲ್ಲ.

ನಾಲ್ಕನೇ ದಿನ ರಾತ್ರಿ ಟ್ರೇಗೆ ಹೋದ, ಕೂತ, ಎದ್ದು ಬಂದ. ಮತ್ತೆ ಹೋದ. ಹೀಗೆ ಏಳೆಂಟು ಸಲ. ಬೆನ್ನು ಬಾಗಿಸಿ ತಿಣುಕುತ್ತಿದ್ದ. "ಮಲಬದ್ಧತೆ ಇರಬೇಕು ಕಣೇ, ಬೆಳಗ್ಗೆ ನೋಡೋಣ," ಅಂದರು ಇವರು. ನನಗೂ ಹಾಗೇ ಅನ್ನಿಸಿತು, ಮಲಗಿದೆವು. 1 ಗಂಟೆ ಹೊತ್ತಿಗೆ ಒಂದು ಕೂಗು ಕೇಳಿತು. ಗುಂಡನ ಬಾಯಿಂದ ಅಂಥ ಸದ್ದು ನಾನು ಯಾವತ್ತೂ ಕೇಳಿರಲಿಲ್ಲ, ಗಂಟಲಿನ ಆಳದಿಂದ, ಎಳೆಮಗು ಅತ್ತ ಹಾಗೆ. ಹೋಗಿ ನೋಡಿದರೆ ಟ್ರೇ ಒಣಗಿದೆ. ಒಂದು ಮೂಲೆಯಲ್ಲಿ ಗೋಲಿಯಷ್ಟು ಚಿಕ್ಕ ಉಂಡೆ, ಅಷ್ಟೇ. ಹೊಟ್ಟೆ ಮುಟ್ಟಿದರೆ ಒಳಗೆ ಕಿತ್ತಳೆಹಣ್ಣು ಇಟ್ಟ ಹಾಗೆ ಗಟ್ಟಿ.

"ರೀ, ನೋವಿಗೆ ನಮ್ಮ ಜ್ವರದ ಮಾತ್ರೆ ಅರ್ಧ ಕೊಡೋಣ್ವಾ?" ಅಂತ ಕೇಳಿದ್ದು ನಾನೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಮಗಳು ಡಾಕ್ಟರಿಗೆ ಫೋನ್ ಮಾಡಿದ್ದಳು, ಅವರು ಆ ಕಡೆಯಿಂದ ಹೆಚ್ಚುಕಡಿಮೆ ಕಿರುಚಿದರು. ಪ್ಯಾರಾಸಿಟಮಾಲ್ ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತದ ಕೆಂಪು ಕಣಗಳು ಹಾಳಾಗುತ್ತವೆ, ಒಂದೇ ಮಾತ್ರೆ ಜೀವ ತೆಗೆಯಬಲ್ಲದು. ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ ನಾನು ಬರೆದ ಉಳಿದಿದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕೊನೇ ಸಲ ಸರಿಯಾಗಿ ಉಚ್ಚೆ ಮಾಡಿದ್ದು ಯಾವಾಗ?" ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆಗಿದ್ದೇನು ಅಂದರೆ ಮೂತ್ರನಾಳ ಕಟ್ಟಿಕೊಂಡಿತ್ತು. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣ, ತುದಿಯಲ್ಲಿ ಇನ್ನೂ ಸಣ್ಣ. ಹರಳು, ಲೋಳೆ ಸೇರಿ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದೆ. ಗಾಬರಿ, ಮನೆಯಲ್ಲಿ ಏನೋ ಬದಲಾವಣೆ, ನೀರು ಕಮ್ಮಿ ಕುಡಿಯುವುದು, ಇವೆಲ್ಲ ಅದಕ್ಕೆ ದಾರಿ ಮಾಡಿಕೊಡುತ್ತವಂತೆ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರುತ್ತಾ ಹೋಗಿ ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನ ಬಿಟ್ಟರೆ ಬೆಕ್ಕು ಉಳಿಯುವುದು ಕಷ್ಟ. ನಾವು ಬೆಳಗ್ಗೆ ನೋಡೋಣ ಅಂತ ಮಲಗಿದ್ದೆವು. ಉಚ್ಚೆ ಹೊರಗೆ ಬರಲು ಸಣ್ಣ ಕೊಳವೆ (ಕ್ಯಾಥೆಟರ್) ಹಾಕಿದರು, ಮೂರು ದಿನ ಡ್ರಿಪ್ ಕೊಟ್ಟರು. ಗುಂಡ ಮುಂಗಾಲು ಬೋಳಿಸಿಕೊಂಡು, ಕೊರಳಿಗೆ ದೊಡ್ಡ ಪ್ಲಾಸ್ಟಿಕ್ ಕಾಲರ್ ಕಟ್ಟಿಸಿಕೊಂಡು ಮನೆಗೆ ಬಂದ. ಒಂದು ವಾರ ಎಲ್ಲ ಬಾಗಿಲಿಗೂ ಕಾಲರ್ ಬಡಿದುಕೊಂಡು, ಪ್ರತಿ ಸಲವೂ ಬಾಗಿಲ ಮೇಲೇ ಸಿಟ್ಟು ಮಾಡಿದ. ಇವರು ಚಪ್ಪಲಿ ಬಿಟ್ಟವರೇ ಡೈರಿ ಹುಡುಕಲು ಹೋದರು.

ಅಲ್ಲಿಂದ ಮನೆ ಬದಲಾಯಿತು. ಒಂದಿದ್ದ ಟ್ರೇ ನಾಲ್ಕಾಯಿತು. ಒಂದೊಂದು ಬೆಕ್ಕಿಗೂ ಒಂದೊಂದು, ಜೊತೆಗೆ ಒಂದು ಹೆಚ್ಚುವರಿ, ಇದು ಡಾಕ್ಟರು ಕೊಟ್ಟ ಲೆಕ್ಕ. ನಾಲ್ಕನ್ನೂ ಸಾಲಾಗಿ ಇಟ್ಟರೆ ಬೆಕ್ಕಿನ ಕಣ್ಣಿಗೆ ಅದು ಒಂದೇ ದೊಡ್ಡ ಟ್ರೇ, ಹಾಗಾಗಿ ಬೇರೆ ಬೇರೆ ಕಡೆ ಇಡಬೇಕು. ಒಂದು ನನ್ನ ಬೀರು ಪಕ್ಕದಲ್ಲೇ ಇದೆ, ಏನು ಹೇಳಲಿ. ನಾಲ್ಕನೆಯದು ಹಿಂದಿನ ವರಾಂಡದಲ್ಲಿ ಗ್ರಿಲ್ ಪಕ್ಕ, ಅದಕ್ಕೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ, ಲೆಕ್ಕಕ್ಕೆ ಇದೆ. ಊಟವೂ ಬದಲಾಯಿತು. ಒಣ ಆಹಾರದಲ್ಲಿ ನೀರು ಶೇಕಡಾ 10ರ ಆಸುಪಾಸು, ಹಸಿ ಆಹಾರದಲ್ಲಿ 75ಕ್ಕೂ ಜಾಸ್ತಿ. ಬೆಕ್ಕಿನ ಪೂರ್ವಜರು ಒಣ ನಾಡಿನ ಕಾಡುಬೆಕ್ಕುಗಳು, ಬೇಟೆಯಿಂದಲೇ ನೀರು ಪಡೆದು ಬದುಕಿದವು. ಆ ಬುದ್ಧಿ ಇನ್ನೂ ಹೋಗಿಲ್ಲ, ಬಟ್ಟಲ ತುಂಬ ನೀರಿಟ್ಟರೂ ಬಾಯಾರಿಕೆ ಆಗಿದೆ ಅಂತ ಅವಕ್ಕೆ ಬೇಗ ಅನ್ನಿಸುವುದಿಲ್ಲ. ಈಗ ಮನೆಯಲ್ಲಿ ಆರು ಕಡೆ ನೀರಿದೆ. ಗುಂಡ ಆರನ್ನೂ ಬಿಟ್ಟು ನನ್ನ ಲೋಟಕ್ಕೇ ಬಾಯಿ ಹಾಕುತ್ತಾನೆ.

ಈ ಉಂಡೆಗಟ್ಟುವ ಮರಳು ಇಲ್ಲದಿದ್ದರೆ ಇವರ ಡೈರಿಯೂ ಇರುತ್ತಿರಲಿಲ್ಲ. ಮೊದಲು ಜನ ಬೂದಿ, ಮಾಮೂಲಿ ಮರಳು ಹಾಕುತ್ತಿದ್ದರು. 1947ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಲೋ ಎಂಬಾತ, ಬೆಕ್ಕಿಗೆ ಮರಳು ಬೇಕು ಅಂತ ಕೇಳಿ ಬಂದ ಪಕ್ಕದ ಮನೆಯಾಕೆಗೆ ಒಣ ಜೇಡಿಮಣ್ಣಿನ ಹರಳು ಕೊಟ್ಟು ಕಳಿಸಿದ. ಆಕೆ ಮತ್ತೆ ಅದನ್ನೇ ಕೇಳಿಕೊಂಡು ಬಂದಳು, ಅಲ್ಲಿಂದ ದೊಡ್ಡ ವ್ಯಾಪಾರವೇ ಶುರುವಾಯಿತು. ಒದ್ದೆಯಾದಲ್ಲಿ ಉಬ್ಬಿ ಉಂಡೆ ಕಟ್ಟುವ ಬೆಂಟೊನೈಟ್ ಮಣ್ಣು ಬಂದಿದ್ದು ಎಷ್ಟೋ ವರ್ಷ ಆದಮೇಲೆ. ಉಂಡೆ ಇದ್ದರೆ ತಾನೇ ಎಣಿಸುವುದು.

ಭೀಮನಿಗೂ ಟ್ರೇ ಮೇಲೆ ಪ್ರೀತಿ, ಆದರೆ ಕಾರಣ ಬೇರೆ. ಅವನಿಗೆ ಅದು ತಿಂಡಿ ತಟ್ಟೆ. ಬೆಕ್ಕಿನ ಆಹಾರದಲ್ಲಿ ಪ್ರೋಟೀನ್ ಜಾಸ್ತಿ, ಆ ವಾಸನೆ ಹೊರಗೆ ಬಂದ ಮೇಲೂ ಉಳಿದಿರುತ್ತದೋ ಏನೋ. ಮೂತಿ ತುಂಬ ಮರಳು ಮೆತ್ತಿಕೊಂಡು ಬಂದು, ಏನೂ ಆಗೇ ಇಲ್ಲ ಅನ್ನುವ ಮುಖ ಮಾಡಿ ನನ್ನ ಮಡಿಲಲ್ಲಿ ತಲೆ ಇಡುತ್ತಿದ್ದ. ಈಗ ಬೆಕ್ಕು ತೂರುವಷ್ಟು ಸಂದಿ ಬಿಟ್ಟು ಬಾಗಿಲಿಗೆ ಕೊಂಡಿ ಹಾಕಿದ್ದೇವೆ. ಹತ್ತಿಯದು ಇನ್ನೊಂದು ಕಥೆ. ಮೊಲದ ಹಿಕ್ಕೆ ದುಂಡಗೆ, ಒಂದೇ ಅಳತೆಗೆ ಇರಬೇಕು. ಸಣ್ಣದಾಯಿತು, ಕಮ್ಮಿಯಾಯಿತು ಅಂದರೆ ಹೊಟ್ಟೆ ನಿಧಾನವಾಗಿದೆ ಅಂತ. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಡಾಕ್ಟರ ಹತ್ತಿರ ಓಡಲೇಬೇಕು. ರಾತ್ರಿ ಹೊತ್ತು ಮೆತ್ತಗಿನ ಒಂದು ಬಗೆಯ ಹಿಕ್ಕೆ ಹಾಕಿ ತಾನೇ ತಿನ್ನುತ್ತದೆ, ಅದು ಅದಕ್ಕೆ ಬೇಕು, ಸುಮ್ನೆ ಬಿಡಬೇಕು. ಮಗಳ ಗೆಳತಿ ಒಮ್ಮೆ ಅದನ್ನು ನೋಡಿ ಊಟ ಬಿಟ್ಟು ಎದ್ದಳು.

ಅಜ್ಜಿಯ ಸಮಾಚಾರ ಮೊದಲು ಹೇಳಿದ್ದೂ ಡೈರಿಯೇ. ಹೋದ ವರ್ಷ ಪುಟ ತಿರುವುತ್ತಾ ಇವರು, "ನೋಡು, ನಿಂಬೆಹಣ್ಣು ಅಂತ ಬರೆಯುತ್ತಿದ್ದವನು ಈಗ ಮೂಸಂಬಿ ಅಂತ ಬರೆಯುತ್ತಿದ್ದೀನಿ," ಅಂದರು. ತೂಕ ನೋಡಿದರೆ 3.6 ಕಿಲೋ ಇದ್ದವಳು 3.3 ಆಗಿದ್ದಳು. ವಯಸ್ಸಾದ ಬೆಕ್ಕುಗಳಿಗೆ ಕಿಡ್ನಿ ತೊಂದರೆ ತುಂಬಾ ಮಾಮೂಲಿ, ಆಗ ಉಚ್ಚೆ ಜಾಸ್ತಿಯಾಗಿ ಉಂಡೆ ದೊಡ್ಡದಾಗುತ್ತದೆ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಏರುವ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಪಾಲು ಶಕ್ತಿ ಹೋಗಿರುತ್ತದಂತೆ, ಅಲ್ಲಿಯವರೆಗೆ ಬೆಕ್ಕು ಬಾಯಿ ಬಿಡುವುದಿಲ್ಲ. ಬಿಸಿಲಲ್ಲಿ ಮಲಗಿರುತ್ತದೆ, ನಾವು ಎಷ್ಟು ನೆಮ್ಮದಿಯಾಗಿದೆ ನೋಡು ಅಂದುಕೊಳ್ಳುತ್ತೇವೆ.

ಈಗ ವಾರಕ್ಕೆ ಎರಡು ಸಲ ಮನೆಯಲ್ಲೇ ಅಜ್ಜಿಗೆ ಚರ್ಮದ ಕೆಳಗೆ ಡ್ರಿಪ್ ನೀರು ಕೊಡುತ್ತೇವೆ, ಒಂದು ಸಲಕ್ಕೆ 100 ಮಿಲಿ. ಚೀಲವನ್ನು ಬಿಸಿನೀರಿನ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿ, ಕಿಟಕಿ ಪರದೆಯ ಕೊಕ್ಕೆಗೆ ನೇತು ಹಾಕುತ್ತೇನೆ. ಮಗಳು ಅಜ್ಜಿಯನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿಯುತ್ತಾಳೆ. ಹೆಗಲ ನಡುವೆ ಚರ್ಮ ಎತ್ತಿದರೆ ಚಿಕ್ಕ ಡೇರೆಯ ಹಾಗೆ ಆಗುತ್ತದೆ, ಸೂಜಿ ಅದರೊಳಗೆ ಹೋಗಬೇಕು. ಮೊದಲ ಸಲ ಈ ಕಡೆ ಚುಚ್ಚಿ ಆ ಕಡೆ ತೆಗೆದು ಅಷ್ಟೂ ನೀರನ್ನು ಮಗಳ ಮೈಮೇಲೆ ಬಿಟ್ಟಿದ್ದೆ. ಈಗ ಕೈ ಕೂತಿದೆ. ನೀರು ಇಳಿಯುತ್ತಾ ಹೆಗಲ ಮೇಲೆ ಒಂಟೆಯ ಥರ ಡುಬ್ಬ ಏಳುತ್ತದೆ, ಸ್ವಲ್ಪ ಹೊತ್ತಿಗೆ ಅದು ಒಂದು ಮುಂಗಾಲಿಗೆ ಜಾರಿ ಕಾಲು ಗದೆಯಂತಾಗುತ್ತದೆ, ಅಜ್ಜಿ ಆ ಗದೆಯನ್ನು ಎತ್ತಿ ಎತ್ತಿ ಇಡುತ್ತಾ ನಡೆದು ಹೋಗುತ್ತಾಳೆ. ಎರಡು ವರ್ಷದಿಂದ ಉಚ್ಚೆ ಉಂಡೆ ಎಣಿಸುತ್ತಿರುವ ಇವರು ಸೂಜಿ ಕಂಡರೆ ಮಾತ್ರ ಪಕ್ಕದ ರೂಮಿಗೆ ಹೋಗಿ ನಿಲ್ಲುತ್ತಾರೆ.

ಮನೆಗೆ ಬಂದವರು ಮೂಗು ಮುಚ್ಚಿಕೊಂಡು, ಬೆಕ್ಕಿನಿಂದ ಕಾಯಿಲೆ ಬರಲ್ವಾ ಅನ್ನುತ್ತಾರೆ. ಬೆಕ್ಕಿನ ಮಲದಲ್ಲಿ ಬರುವ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿ ಇರುವುದು ನಿಜ, ಬಸಿರಿಯರು ಟ್ರೇ ಮುಟ್ಟದಿರುವುದೇ ಒಳ್ಳೆಯದು. ಆದರೆ ಮಲದಲ್ಲಿ ಬಂದ ಅದರ ಮೊಟ್ಟೆಯಂಥದ್ದು ಬೇರೆಯವರಿಗೆ ಅಂಟುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ದಿನಾ ತೆಗೆದರೆ ಅಷ್ಟು ಪುರುಸೊತ್ತು ಅದಕ್ಕೆ ಸಿಗುವುದಿಲ್ಲ.

ಹೋದ ವಾರ ಒಂದು ಬೆಳಗ್ಗೆ ಕರಕರ ಸದ್ದು ನಡುವೆ ನಿಂತುಹೋಯಿತು. ಇವರು ಏನೂ ಕೂಗಲಿಲ್ಲ. ನಾನು ಎದ್ದು ಹೋದೆ. ವರಾಂಡದ ಟ್ರೇ ಮುಂದೆ ಕೂತಿದ್ದರು, ಸೌಟಿನ ತುದಿಯಲ್ಲಿ ಗೋಲಿಯಷ್ಟು ಉಂಡೆ. ಇಬ್ಬರೂ ಮಾತಾಡಲಿಲ್ಲ. ಗುಂಡನನ್ನು ಮಲಗಿದ್ದಲ್ಲಿಂದ ಎತ್ತಿ ಹೊಟ್ಟೆ ಮುಟ್ಟಿ ನೋಡಿದೆವು. ಮೆತ್ತಗಿತ್ತು. ಅವನು ನನ್ನ ಕೈಗೆ ಒಂದು ಬಾರಿಸಿ ಇಳಿದು ಹೋದ. ಉಳಿದ ಟ್ರೇ ನೋಡಿದರೆ ಗುಂಡನ ಎರಡು ನಿಂಬೆಹಣ್ಣು ಇವೆ, ಚುಕ್ಕಿಯದು ಇದೆ, ಅಜ್ಜಿಯ ಮೂರೂ ಇವೆ. ಒಂದು ಉಂಡೆ ಜಾಸ್ತಿ.

ಮರುದಿನವೂ ಅದೇ ಜಾಗ, ಅದೇ ಗೋಲಿ, ಮೇಲೆ ನೀಟಾಗಿ ಮರಳು ಮುಚ್ಚಿತ್ತು. ಗ್ರಿಲ್ ಸರಳಿನ ನಡುವೆ ನನ್ನ ಮುಷ್ಟಿ ತೂರುತ್ತದೆ, ನಮ್ಮ ಬೆಕ್ಕುಗಳ ತಲೆ ತೂರುವುದಿಲ್ಲ. ಡೈರಿಯಲ್ಲಿ ಈಗ ನಾಲ್ಕನೇ ಸಾಲು ಇದೆ, ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ. ನಿನ್ನೆ ರಾತ್ರಿ ಮಗಳು ಗ್ರಿಲ್ ಹತ್ತಿರ ಒಂದು ಚಿಕ್ಕ ಬಟ್ಟಲು ಇಟ್ಟು ಮಲಗಿದಳು. ಇವರು ನೋಡಿಯೂ ನೋಡದವರ ಹಾಗೆ ದೀಪ ಆರಿಸಿದರು. ಬೆಳಗ್ಗೆ ಬಟ್ಟಲು ಖಾಲಿ.

"ಐದು ಟ್ರೇ ಆಗಬೇಕು ಕಣೇ," ಅಂತ ಅಲ್ಲಿಂದಲೇ ಕೂಗಿದರು.