ಒಂದೇ ಕರ್ನಲ್, 32 ಬಿಟ್ ಮತ್ತು 64 ಬಿಟ್

32 ಬಿಟ್ ಕರ್ನಲನ್ನು (ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು) 64 ಬಿಟ್‌ಗೆ ಒಗ್ಗಿಸಬೇಕು ಅಂದರೆ ಎಲ್ಲರೂ ಮೊದಲು ಹೆದರುವುದು ಪೇಜ್ ಟೇಬಲಿಗೆ, ಅಂದರೆ ಯಾವ ಅಡ್ರೆಸ್ ಮೆಮೊರಿಯ ಯಾವ ಪುಟದಲ್ಲಿದೆ ಅಂತ ಬರೆದಿಡುವ ಪಟ್ಟಿಗೆ. ನನಗೆ ಅದು ಸುಲಭದ ಭಾಗ ಅನ್ನಿಸುತ್ತದೆ. ಅಲ್ಲಿ ಏನೇನು ಬದಲಾಗಬೇಕು ಅಂತ ಪ್ರೊಸೆಸರ್‌ನ ಕೈಪಿಡಿಯೇ ಹೇಳುತ್ತದೆ.

ಸೆಮಿಸ್ಟರ್ ರಜೆಗೆ ಬದಿಯಡ್ಕಕ್ಕೆ ಬಂದಿದ್ದ ಅಣ್ಣನ ಮಗಳ ಜೊತೆ ಕೂತಾಗಲೂ ಹೀಗೇ ಆಯಿತು. ಅವಳ ಹಿಂದಿನ ಬ್ಯಾಚಿನವರು 32 ಬಿಟ್ ರಿಸ್ಕ್-ಫೈವ್ ಪ್ರೊಸೆಸರ್‌ಗೆ ಪುಟ್ಟದೊಂದು ಕರ್ನಲ್ ಬರೆದಿದ್ದರು. ಅದೇ ಕೋಡ್ 64 ಬಿಟ್‌ನಲ್ಲೂ ಓಡಬೇಕಿತ್ತು. ಹೊರಗೆ ಜೋರು ಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ನಮ್ಮ ಕೆಲಸ.

ಅಡ್ರೆಸ್ ಒಡೆಯುವುದನ್ನು ಅವಳು ಬೇಗ ಹಿಡಿದಳು. ಪಂಚಾಯತು, ವಾರ್ಡು, ಮನೆ ನಂಬರು ಅಂತ ಹಂತ ಹಂತವಾಗಿ ಹುಡುಕಿದ ಹಾಗೆ. 32 ಬಿಟ್ ರಿಸ್ಕ್-ಫೈವ್‌ನ ಪೇಜ್ ಟೇಬಲ್ ಕ್ರಮವಾದ ಎಸ್‌ವಿ32ರಲ್ಲಿ ಎರಡು ಹಂತ, ಒಂದೊಂದಕ್ಕೆ 10 ಬಿಟ್. 64 ಬಿಟ್‌ನ ಎಸ್‌ವಿ39ರಲ್ಲಿ ಮೂರು ಹಂತ, ಒಂದೊಂದಕ್ಕೆ 9 ಬಿಟ್. ಕೊನೆಯ 12 ಬಿಟ್ ಎರಡರಲ್ಲೂ ಪುಟದ ಒಳಗಿನ ಜಾಗ. 4 ಬೈಟಿನ 1024 ನಮೂದುಗಳಿದ್ದರೂ 8 ಬೈಟಿನ 512 ಇದ್ದರೂ ಟೇಬಲ್ ಸರಿಯಾಗಿ 4096 ಬೈಟ್, ಅಂದರೆ ಒಂದು ಪುಟ. ಈ ಲೆಕ್ಕ ಕೂಡಿಬರುವುದನ್ನು ನೋಡಿದಾಗಲೆಲ್ಲ ನನಗೆ ಖುಷಿ. ಹಂತ ಎಷ್ಟು, ಬಿಟ್ ಎಷ್ಟು ಅನ್ನುವ ಎರಡು ಸಂಖ್ಯೆಗಳನ್ನು ಒಂದು ಕಡೆ ಇಟ್ಟು, ಹುಡುಕುವ ಲೂಪ್ ಒಂದೇ ಬರೆದೆವು.

ಮೆಷಿನನ್ನು ಸಾಫ್ಟ್‌ವೇರ್‌ನಲ್ಲೇ ನಕಲು ಮಾಡುವ ಕ್ಯೂಎಮುವಿನಲ್ಲಿ ಕರ್ನಲ್ ಎದ್ದಿತು. ಮೊದಲ ಸಾಲು ಪ್ರಿಂಟೂ ಆಯಿತು. ಹೀಪ್‌ನ (ಬೇಕಾದಾಗ ಮೆಮೊರಿ ಪಡೆಯುವ ಜಾಗದ) ಮೊದಲ ಪುಟ ಮುಟ್ಟಿದ್ದೇ ತಡ, ಪೇಜ್ ಫಾಲ್ಟ್, ಅಂದರೆ ಆ ಪುಟ ಟೇಬಲಿನಲ್ಲಿ ಸಿಗಲಿಲ್ಲ ಅನ್ನುವ ದೂರು. ಫಾಲ್ಟ್ ಆದ ಅಡ್ರೆಸ್ ತೋರಿಸುವ ಎಸ್‌ಟಿವ್ಯಾಲ್ ರಿಜಿಸ್ಟರ್‌ನಲ್ಲಿ ಅಡ್ರೆಸ್ ಸರಿಯಾಗೇ ಇದೆ. ಆ ಅಡ್ರೆಸನ್ನು ಮ್ಯಾಪ್ ಮಾಡುವ ಸಾಲೂ ಇದೆ. ಮ್ಯಾಪ್ ಮಾಡುವ ಫಂಕ್ಷನ್ ಒಳಗೇ ಅಡ್ರೆಸ್ ಪ್ರಿಂಟ್ ಮಾಡಿಸಿದೆವು. ಹೀಪ್ ಇದ್ದದ್ದು ತೀರಾ ಮೇಲಿನ ಅಡ್ರೆಸ್‌ಗಳಲ್ಲಿ, ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) ಬರೆದರೆ ಶುರುವಿಗೆ ಎಫ್‌ಗಳ ಸಾಲೇ ಇರಬೇಕು.

“ಅಪ್ಪಚ್ಚಿ, ಮುಂದಿದ್ದ ಎಫ್ ಎಲ್ಲ ಎಲ್ಲಿ ಹೋಯ್ತು?”

ಪುಟದ ಆರಂಭಕ್ಕೆ ತರಲು ಕೆಳಗಿನ 12 ಬಿಟ್ ಒರೆಸುವ ಸಾಲು, ಮೇಲಿನ 32 ಬಿಟ್ಟನ್ನೂ ಸೊನ್ನೆ ಮಾಡಿತ್ತು. ಸಿ ಭಾಷೆಯ ಆ ಹಳೆ ಕೋಡಿನಲ್ಲಿ 4096ರ ಕೊನೆಗೆ ಒಂದು ‘ಯು’ ಇತ್ತು. ಅಂದರೆ ಸೈನ್ (ಧನ-ಋಣ ಗುರುತು) ಇಲ್ಲದ 32 ಬಿಟ್ ಸಂಖ್ಯೆ. ಒಂದು ಕಳೆದು, ಬಿಟ್‌ಗಳನ್ನು ತಿರುಗಿಸಿ, 64 ಬಿಟ್‌ಗೆ ಹಿಗ್ಗಿಸಿದರೆ ಮೇಲ್ಗಡೆ ತುಂಬುವುದು ಸೊನ್ನೆಯೇ. ‘ಯು’ ಇಲ್ಲದೆ ಸುಮ್ನೆ 4096 ಅಂತ ಬರೆದಿದ್ದರೆ ಸೈನ್ ಬಿಟ್ ಮೇಲಕ್ಕೆ ಹರಡಿ ತಾನಾಗಿ ಸರಿಹೋಗುತ್ತಿತ್ತು! ಅಕ್ಷರಗಳನ್ನು ಹೊರಗೆ ಕಳಿಸುವ ಯುಎಆರ್‌ಟಿಯ ಅಡ್ರೆಸ್ ಕೆಳಗೇ ಇದ್ದುದರಿಂದ ಪ್ರಿಂಟ್‌ಗೆ ಏನೂ ತೊಂದರೆಯಾಗಿರಲಿಲ್ಲ. ‘ಯು’ ಜಾಗಕ್ಕೆ ‘ಯುಎಲ್’ ಹಾಕಿದೆವು, ಅಂದರೆ ಸೈನ್ ಇಲ್ಲದ ಲಾಂಗ್ ಅನ್ನುವ ಸಂಖ್ಯೆಯ ಟೈಪ್. ರಿಸ್ಕ್-ಫೈವ್‌ನಲ್ಲಿ ಲಾಂಗ್‌ನ ಅಗಲ ಪಾಯಿಂಟರ್‌ನಷ್ಟೇ (ಅಡ್ರೆಸ್ ಇಟ್ಟುಕೊಳ್ಳುವ ವೇರಿಯಬಲ್‌ನಷ್ಟೇ), ಹಾಗಾಗಿ ಎರಡು ಕಡೆಯೂ ಹೊಂದುತ್ತದೆ.

ಹಾಗಂತ ಎಲ್ಲ ಕಡೆ ಲಾಂಗ್ ಹಾಕಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಎಸ್‌ವಿ32ರಲ್ಲಿ ಕೋಡ್ ಬಳಸುವ ವರ್ಚುವಲ್ ಅಡ್ರೆಸ್ 32 ಬಿಟ್, ಟೇಬಲ್ ನೋಡಿ ಸಿಗುವ ನಿಜವಾದ ಫಿಸಿಕಲ್ ಅಡ್ರೆಸ್ 34 ಬಿಟ್! 32 ಬಿಟ್ ಮೆಷಿನಿನ ಲಾಂಗ್‌ನಲ್ಲಿ ಅದು ಹಿಡಿಸುವುದೇ ಇಲ್ಲ. ಅದಕ್ಕೇ ಫಿಸಿಕಲ್‌ಗೆ ಒಂದು ಟೈಪ್, ವರ್ಚುವಲ್‌ಗೆ ಇನ್ನೊಂದು ಟೈಪ್ ಮಾಡಿದೆವು. ಎರಡಕ್ಕೂ ಬೇರೆ ಬೇರೆ ಸ್ಟ್ರಕ್ಟ್ (ನಾವೇ ಹೆಸರಿಡುವ ಹೊದಿಕೆ ಟೈಪ್) ಸುತ್ತಿದ್ದರಿಂದ, ಒಂದನ್ನು ಕೊಡುವಲ್ಲಿ ಇನ್ನೊಂದು ಕೊಟ್ಟರೆ ಕಂಪೈಲರೇ ಬೈಯುತ್ತದೆ. ಇದನ್ನು ಮೊದಲ ದಿನವೇ ಮಾಡಿಡಬೇಕು, ಪೋರ್ಟ್ ಮಾಡುವವರೆಗೆ ಕಾಯಬಾರದು ಅಂತ ನಾನು ಈಗ ಎಲ್ಲ ಹುಡುಗರಿಗೂ ಹೇಳುತ್ತೇನೆ.

32 ಬಿಟ್, 64 ಬಿಟ್ ಎರಡೂ ಓಡಿದ ಮೇಲೆ ಅವಳಿಗೆ ಎಸ್‌ವಿ48 ನೋಡುವ ಆಸೆ. ಹಂತ ಮೂರಿದ್ದದ್ದು ನಾಲ್ಕು, ಯಾವ ಕ್ರಮ ಅಂತ ಪ್ರೊಸೆಸರ್‌ಗೆ ಹೇಳುವ ಎಸ್‌ಎಟಿಪಿ ರಿಜಿಸ್ಟರ್‌ನ ಮೋಡ್ 8 ಇದ್ದದ್ದು 9, ಜೊತೆಗೆ ಕರ್ನಲ್ ಶುರುವಾಗುವ ಅಡ್ರೆಸ್. ಲೂಪ್ ಮುಟ್ಟಬೇಕಾಗಲಿಲ್ಲ. ಊಟಕ್ಕೆ ಕರೆಯುವಷ್ಟರಲ್ಲಿ ಅದೂ ಬೂಟ್ ಆಗಿತ್ತು.