ಹುಬ್ಬಳ್ಳಿಯಿಂದ ಮಾಗೋಡಿಗೆ: ಒಂದು ದಿನದ ದಾರಿ

ಮಾಗೋಡಿನಲ್ಲಿ ಧುಮುಕುವ ನೀರು ನಮ್ಮ ಸೀಮೆಯಿಂದಲೇ ಹೋದದ್ದು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲಾ ಬೇಡ್ತಿಯನ್ನು ಕೂಡಿಕೊಂಡು, ಯಲ್ಲಾಪುರದ ಕಾಡಿನಲ್ಲಿ ಎರಡು ಹಂತವಾಗಿ ಸುಮಾರು 200 ಮೀಟರ್ ಆಳಕ್ಕೆ ಬೀಳುತ್ತದೆ. ಆದ್ದರಿಂದ ಹೊರಡುವ ಮೊದಲು ಘಟ್ಟದ ಮಳೆಯ ಜೊತೆ ಹುಬ್ಬಳ್ಳಿ, ಕಲಘಟಗಿಯ ಮಳೆಯನ್ನೂ ಗಮನಿಸಿ. ಬೇಸಿಗೆಯಲ್ಲಿ ಬಂಡೆಯ ಮೇಲೆ ತೆಳುವಾದ ಎಳೆಯಷ್ಟೇ ನೀರು. ಜುಲೈ, ಆಗಸ್ಟ್‌ನಲ್ಲಿ ಹೊಳೆ ತುಂಬಿರುತ್ತದೆ, ಆದರೆ ಮಂಜು ಕಣಿವೆಯನ್ನೇ ಮುಚ್ಚಿ ಭೋರ್ಗರೆತ ಮಾತ್ರ ಕೇಳಿಸುತ್ತದೆ. ದಸರಾದಿಂದ ದೀಪಾವಳಿವರೆಗಿನ ದಿನಗಳೇ ಉತ್ತಮ: ನೀರೂ ಇರುತ್ತದೆ, ನೋಟವೂ ಸಿಗುತ್ತದೆ.

ದಾರಿ ಸರಳ. ರಾಷ್ಟ್ರೀಯ ಹೆದ್ದಾರಿ 52 ಹಿಡಿದು ಕಲಘಟಗಿ, ಕಿರವತ್ತಿ ಮೇಲಿಂದ ಯಲ್ಲಾಪುರ, ಸುಮಾರು 70 ಕಿ.ಮೀ. ಅಲ್ಲಿಂದ ಮಾಗೋಡಿಗೆ ಇನ್ನು 20 ಕಿ.ಮೀ.ಯಷ್ಟು. ಅಂಕೋಲಾ ಕಡೆಯ ಲಾರಿಗಳೆಲ್ಲ ಇದೇ ಹೆದ್ದಾರಿಯಲ್ಲಿ ಓಡುತ್ತವೆ. ಒಂದು ಲಾರಿಯ ಹಿಂದೆ ಸಿಕ್ಕಿಕೊಂಡರೆ ತಿರುವಿನಲ್ಲಿ ಮುಂದೆ ಹಾಕಲು ಹೋಗಬೇಡಿ, ನೇರ ರಸ್ತೆ ಬರುವವರೆಗೆ ಕಾಯಿರಿ. ಬೆಳಿಗ್ಗೆ ಆರಕ್ಕೆ ಹೊರಟರೆ ಈ ತಾಪತ್ರಯ ಅರ್ಧ ಕಡಿಮೆ.

ಹೋಗಿಬರಲು 200 ಕಿ.ಮೀ. ಹಿಡಿಯಿರಿ. ಲೀಟರಿಗೆ 15 ಕೊಡುವ ಕಾರಿಗೆ 13–14 ಲೀಟರ್ ಬೇಕು. ಯಲ್ಲಾಪುರದಲ್ಲೇ ಟ್ಯಾಂಕ್ ನೋಡಿಕೊಳ್ಳಿ. ಮುಂದೆ ಕಾಡಿನ ಕಿರಿದಾದ ರಸ್ತೆ, ಮೊಬೈಲ್ ಸಿಗ್ನಲ್ಲೂ ಬಿಟ್ಟುಬಿಟ್ಟು ಬರುತ್ತದೆ; ನಕ್ಷೆಯನ್ನು ಹುಬ್ಬಳ್ಳಿಯಲ್ಲೇ ಇಳಿಸಿಕೊಂಡಿರಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಸಾಕು, ಸಂಜೆವರೆಗೂ ಕೆಡುವುದಿಲ್ಲ. ಮಳೆಗಾಲ ಮುಗಿದ ಹೊಸದರಲ್ಲಿ ಇಂಬಳ ಇನ್ನೂ ಇರುತ್ತವೆ. ಉಪ್ಪಿನ ಪುಡಿಕೆ ಜೇಬಿನಲ್ಲಿರಲಿ. ಕಚ್ಚಿಕೊಂಡದ್ದನ್ನು ಕೈಯಿಂದ ಜಗ್ಗದೆ ಉಪ್ಪು ಹಾಕಿ, ತಾನೇ ಕಳಚಿ ಬೀಳುತ್ತದೆ.

ಹೆಚ್ಚಿನವರು ನಿರಾಶರಾಗುವುದು ಸ್ನಾನದ ಆಸೆಯಿಂದ. ಮಾಗೋಡು ದೂರದಿಂದ ನೋಡುವ ಜಲಪಾತ. ಕಟಾಂಜನದ ಈಚೆ ನಿಂತರೆ ಎದುರಿನ ಬಂಡೆಗೋಡೆಯ ಮೇಲೆ ಬಿಳಿ ನೀರು ಒಮ್ಮೆ ಬಿದ್ದು, ಪುಟಿದು, ಮತ್ತೆ ಬೀಳುವುದು ಕಾಣುತ್ತದೆ. ಕಣಿವೆಗೆ ಇಳಿಯುವ ಸಾಹಸ ಬೇಡವೇ ಬೇಡ. ಮಂಜಿದ್ದರೆ ತಕ್ಷಣ ತಿರುಗಬೇಡಿ, ಗಾಳಿ ಬೀಸಿದಾಗ ಪರದೆ ಸರಿಯುತ್ತದೆ, ಅರ್ಧ ಗಂಟೆ ಕಾಯಿರಿ. ಮಕ್ಕಳಿಗೆ ನೀರಿನ ಹತ್ತಿರ ಹೋಗಲೇಬೇಕಿದ್ದರೆ ಸುಮಾರು 15 ಮೀಟರಿನ ಸಾತೊಡ್ಡಿ ಇದೆ. ಅದರ ದಾರಿ ಯಲ್ಲಾಪುರದಿಂದಲೇ ಬೇರೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಎರಡೂ ಅರೆಬರೆ, ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ.

ಉಳಿದ ಹೊತ್ತನ್ನು ಜೇನುಕಲ್ಲು ಗುಡ್ಡಕ್ಕೆ ಕೊಡಿ. ಕೆಳಗೆ ಕಾಡಿನ ನಡುವೆ ಬೇಡ್ತಿ ಬಳುಕುತ್ತ ಹೋಗುತ್ತದೆ, ಸೂರ್ಯ ಮುಳುಗುವುದನ್ನು ಅಲ್ಲೇ ನೋಡಬೇಕು. ಆದರೆ ಹಾಗೆ ಮಾಡಿದರೆ ವಾಪಸ್ ಕತ್ತಲಲ್ಲಿ. ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿದ್ದರೆ ಗುಡ್ಡ ಬಿಟ್ಟು, ನಾಲ್ಕಕ್ಕೇ ಯಲ್ಲಾಪುರದ ಕಡೆ ಗಾಡಿ ತಿರುಗಿಸಿ.