ನೋವು ಮಂಡೀಲಿ, ಬಲ ಬೇಕಾಗಿದ್ದು ತೊಡೆ ಬುಡಕ್ಕೆ

ಜುಲೈ ಮಳೇಲಿ ತೋಟದ ಬರೆ, ಅಂದ್ರೆ ಕಡಿದಾದ ಇಳಿಜಾರು, ಇಳಿಯೋದು ಹೇಗಿರುತ್ತೆ ಅಂತ ಕೊಡಗಿನೋರಿಗೆ ಹೇಳ್ಬೇಕಾಗಿಲ್ಲ. ಕೊಳೆರೋಗ ಬಂದಿದ್ಯಾ ನೋಡೋಣ ಅಂತ ಹೋದೋಳು ಕೊಳೆತ ಸಿಲ್ವರ್ ಓಕ್ ಎಲೆ ಮೇಲೆ ಕಾಲಿಟ್ಟೆ, ಬೀಳ್ಲಿಲ್ಲ, ಕಾಫಿ ಗಿಡ ಹಿಡ್ಕೊಂಡೆ, ಆದ್ರೆ ಗಂಬೂಟು ಕೆಸರಲ್ಲಿ ಹೂತು ಪಾದ ಅಲ್ಲೇ ನಿಂತು ಮೈ ಮಾತ್ರ ತಿರುಗಿ ಬಲ ಮಂಡಿ ಒಳಗೆ ಚಳಕ್ ಅಂತು. ಮಾರನೇ ದಿನಕ್ಕೆ ಊತ.

ಎರಡು ವಾರ ಎಣ್ಣೆ, ಬಿಸಿನೀರು. ಆಮೇಲೆ ಮಡಿಕೇರಿ ಮೂಳೆ ಡಾಕ್ಟ್ರ ಹತ್ರ ಹೋದ್ರೆ ಮೈಸೂರಿಗೆ ಎಂಆರ್‌ಐಗೆ ಕಳಿಸಿದ್ರು. ಮೆನಿಸ್ಕಸ್ ಸ್ವಲ್ಪ ಹರಿದಿದೆ, ಅಂದ್ರೆ ತೊಡೆಮೂಳೆ ಕಾಲಮೂಳೆ ಮಧ್ಯೆ ಇರೋ ಮೆತ್ತೆ, ಜೊತೆಗೆ ವಯಸ್ಸಿನ ಸವೆತಾನೂ ಇದೆ ಅಂದ್ರು. ಆಪರೇಷನ್ ಅಂತಾರೇನೋ ಅಂತ ಎದೆ ಹೊಡ್ಕೊಳ್ತಿತ್ತು, ಆದ್ರೆ ಅವರು ಮೊದ್ಲು ಮೂರು ತಿಂಗಳು ಫಿಸಿಯೋಥೆರಪಿ ಮಾಡಿ ಅಂದ್ರು. ಆಮೇಲೆ ಓದಿದಾಗ ಗೊತ್ತಾಯ್ತು, ಫಿನ್‌ಲೆಂಡಿನಲ್ಲಿ 146 ಜನರ ಮೇಲೆ ಒಂದು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದ್ದಾರೆ, ಸವೆದು ಹರಿದ ಮೆನಿಸ್ಕಸನ್ನ ನಿಜವಾಗ್ಲೂ ಕತ್ತರಿಸಿದೋರಿಗೂ ಬರೀ ಆಪರೇಷನ್ ನಾಟಕ ಮಾಡಿ ಹೊಲಿಗೆ ಹಾಕಿದೋರಿಗೂ ಒಂದು ವರ್ಷದ ನಂತರ ಹೇಳಿಕೊಳ್ಳೋ ವ್ಯತ್ಯಾಸ ಇರ್ಲಿಲ್ಲ.

ಮಧ್ಯೆ ಬೆಂಗಳೂರಲ್ಲಿ ತಂಗಿ ಒತ್ತಾಯಕ್ಕೆ ಕೈರೋಪ್ರಾಕ್ಟರ್ ಹತ್ರಾನೂ ಹೋದೆ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಶುರು ಮಾಡಿದ ಪದ್ಧತಿ ಇದು, ಕೈಯಲ್ಲೇ ಕೀಲು ಒತ್ತೋದು, ಮುಖ್ಯವಾಗಿ ಬೆನ್ನುಮೂಳೇದು. ಒಂದು ಮಗ್ಗುಲಾಗಿ ಮಲಗಿಸಿ, ಮೇಲಿನ ಕಾಲು ಮಡಿಸಿ, ಸೊಂಟದ ಮೇಲೆ ಕೈಯಿಟ್ಟು ಒಂದೇ ಸಲ ಒತ್ತಿದ್ರು, ಬೆರಳು ಲಟಿಕೆ ಮುರಿದ ಹಾಗೆ ಲಟಕ್ ಅಂತು. ಸರಿದ ಮೂಳೆ ಜಾಗಕ್ಕೆ ಬಂದ ಶಬ್ದ ಅಲ್ಲ ಅದು, ಕೀಲಿನ ದ್ರವದಲ್ಲಿ ಗ್ಯಾಸ್ ಗುಳ್ಳೆ ಆಗೋ ಶಬ್ದ ಅಂತ ಅವರೇ ಹೇಳಿದ್ರು, ಆ ಪ್ರಾಮಾಣಿಕತೆ ನಂಗೆ ಇಷ್ಟ ಆಯ್ತು. ಅವತ್ತು ಮೆಟ್ಟಿಲು ಹಗುರಾಗಿ ಇಳಿದೆ. ಐದನೇ ದಿನಕ್ಕೆ ನೋವು ವಾಪಸ್.

ಕಣ್ಣು ತೆರೆಸಿದ್ದು ಮಡಿಕೇರಿಯ ಫಿಸಿಯೋ ಹುಡುಗಿ. "ಆಂಟಿ, ಕನ್ನಡಿ ಮುಂದೆ ಬಲಗಾಲಲ್ಲಿ ಮಾತ್ರ ನಿಂತ್ಕೊಳ್ಳಿ" ಅಂದ್ಲು. ನಿಂತೆ. ಎಡಗಡೆ ಸೊಂಟ ಕೆಳಗೆ ಇಳೀತು, ಬಲ ಮಂಡಿ ಒಳಗೆ ವಾಲ್ತು, ನಂಗೇ ಕಾಣಿಸ್ತು. ಪಿರ್ರೆ ಪಕ್ಕದಲ್ಲಿ ಗ್ಲೂಟಿಯಸ್ ಮೀಡಿಯಸ್ ಅಂತ ಸ್ನಾಯು ಇದೆಯಂತೆ, ಅದು ಸೋತ್ರೆ ತೊಡೆ ಒಳಗೆ ತಿರುಗಿ ಪ್ರತಿ ಹೆಜ್ಜೆಗೂ ಮಂಡಿಗೆ ಏಟು. ಮೇಲಿನ ತಿರುಗಣಿ ಸಡಿಲ ಆದ್ರೆ ಬಾಗಿಲು ಕೆಳಗೆ ಉಜ್ಜಲ್ವಾ, ಹಾಗೆ. ನಾವು ಸೊಂಟ ಅಂತ ಕೈ ಇಡೋದು ಬೆನ್ನಿನ ಕೆಳಗೆ, ನಿಜವಾದ ಹಿಪ್ ಕೀಲು ಇರೋದು ತೊಡೆ ಬುಡದಲ್ಲಿ, ಅದರ ನೋವು ತೊಡೆಸಂದೀಲಿ ಬರುತ್ತೆ, ಕೆಲವು ಸಲ ಮಂಡೀಲಿ ಮಾತ್ರ ಕಾಣಿಸುತ್ತೆ.

ಅವಳು ಹೇಳಿಕೊಟ್ಟ ವ್ಯಾಯಾಮ ಇಷ್ಟೇ: ಟವೆಲ್ ಸುತ್ತಿ ಮಂಡಿ ಕೆಳಗಿಟ್ಟು ಹತ್ತು ಸೆಕೆಂಡ್ ಒತ್ತಿ ಹಿಡಿಯೋದು, ಮಗ್ಗುಲಾಗಿ ಮಲಗಿ ಹಿಮ್ಮಡಿ ಸ್ವಲ್ಪ ಹಿಂದಕ್ಕೆ ಇಟ್ಟು ಕಾಲೆತ್ತೋದು, ಆಮೇಲೆ ಜಗಲಿ ಮೆಟ್ಟಿಲಿಂದ ನಿಧಾನಕ್ಕೆ ಒಂದು ಕಾಲು ಇಳಿಸೋದು. ಮಾಡುವಾಗ ಸ್ವಲ್ಪ ನೋವಾದ್ರೆ ಪರ್ವಾಗಿಲ್ಲ, ಮಾರನೇ ಬೆಳಿಗ್ಗೆ ಊದಿದ್ರೆ ಕಮ್ಮಿ ಮಾಡಿ ಅಂದಿದ್ಲು. ಆರನೇ ವಾರಕ್ಕೆ ಬರೆ ಇಳಿದೆ, ಕೋಲು ಹಿಡ್ಕೊಂಡೇ, ಆದ್ರೆ ಇಳಿದೆ.

ಒಂದು ಮಾತು ಮಾತ್ರ ಕೈ ಮುಗಿದು ಹೇಳ್ತೀನಿ. ನಮ್ಮ ಲೈನ್ ಮನೆ (ತೋಟದ ಕೆಲಸದೋರ ಸಾಲುಮನೆ) ಅಜ್ಜಿ ಅಂಗಳದಲ್ಲಿ ಜಾರಿ ಬಿದ್ರು, ಉಳುಕು ಅಂತ ಯಾರೋ ಹದಿನೈದು ದಿನ ಕಾಲು ಎಳೆದು ತಿಕ್ಕಿದ್ರು. ಕಾಲು ಹೊರಗೆ ತಿರುಗಿ ಗಿಡ್ಡ ಆಗಿತ್ತು, ಎಕ್ಸ್‌ರೇಲಿ ನೋಡಿದ್ರೆ ತೊಡೆಮೂಳೆ ಕತ್ತೇ, ಹಿಪ್ ಕೀಲಿನ ಹತ್ರದ ಭಾಗ, ಮುರಿದಿತ್ತು. ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಬಿದ್ದ ಮೇಲೆ ಕಾಲೂರೋಕೆ ಆಗ್ದಿದ್ರೆ, ಮಂಡಿ ಲಾಕ್ ಆದ್ರೆ, ಊತದ ಜೊತೆ ಜ್ವರ ಬಂದ್ರೆ ಯಾರ ಕೈಗೂ ಕಾಲು ಕೊಡ್ಬೇಡಿ, ಮೊದ್ಲು ಆಸ್ಪತ್ರೆ.

ಈಗ ರೊಬಸ್ಟಾ ಕೊಯ್ಲು ನಡೀತಿದೆ. ಹತ್ತು ಗಂಟೆ ಟೀಗೆ ಕೂತಾಗ ಕಣದ ಕಟ್ಟೆ ಮೇಲೆ ನಾವು ಐದಾರು ಹೆಂಗಸರು ಒಂದೊಂದು ಕಾಲಿಗೆ ಹತ್ತು ಸಲ ಹತ್ತಿ ಇಳೀತೀವಿ. ಮೂಟೆ ಹೊರೋ ಒಬ್ಬಳು ನಿನ್ನೆ ನನ್ನ ಮಂಡಿ ನೋಡ್ಕೊಂಡೇ ಅಂದ್ಲು, "ಅಕ್ಕಾ, ಮತ್ತೆ ಒಳಗೆ ವಾಲ್ತಿದೆ, ಸರಿ ನಿಲ್ಲಿ."